ಸಂಜಿ ಏಳಕ್ಕ ನಿಮ್ಮೂರಾಗ ಎಷ್ಟ ವೋಲ್ಟ್ ಐತಿ?

"ಅಣ್ಣಾ, ಸ್ಟೆಪ್ಪರ್ ಮೋಟಾರಿಗೆ ಯಾವ ಪವರ್ ಸಪ್ಲೈ ತೊಗೊಳ್ಳಲಿ?" ಅಂತ ಊರಿಂದ ಮೆಸೇಜ್ ಬಂದಾಗ ನಾನು ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ, ಕ್ಯಾಬಿನ ಹಿಂದಿನ ಸೀಟಿನಲ್ಲಿದ್ದೆ. ಸಿಗ್ನಲ್ ಹಸಿರಾಗುವಷ್ಟರಲ್ಲಿ ಉತ್ತರ ಕಳಿಸಿಬಿಟ್ಟೆ. "24 ವೋಲ್ಟ್ 15 ಆಂಪ್ ಎಸ್‌ಎಂಪಿಎಸ್ ತಗೋ. ಸಾಕು." ಜೊತೆಗೊಂದು ಲಿಂಕು. ಆ ಕಡೆಯಿಂದ ಎರಡು ಕೈ ಮುಗಿದ ಚಿತ್ರ ಬಂತು. ಊರಿಗೆ ನನ್ನಿಂದಾದ ಸಹಾಯ ಮಾಡಿದೆ ಅನ್ನೋ ಸಮಾಧಾನದಲ್ಲಿ ಮತ್ತೆ ಹಾಡು ಕೇಳುತ್ತಾ ಕೂತೆ.

ಈ ಲೇಖನ ಆ ಉತ್ತರದ ವಿರುದ್ಧ. ಅಂದರೆ ನನ್ನ ವಿರುದ್ಧ, ಮತ್ತು ನಿಮ್ಮ ವಿರುದ್ಧ ಕೂಡ. ಯಾಕಂದ್ರೆ ಇದನ್ನು ಓದುವವರಲ್ಲಿ ಅರ್ಧ ಜನ ಯಾವುದೋ ಊರಿನ ಯಾವುದೋ ತಮ್ಮನಿಗೆ ಇಂಥದ್ದೇ ಉತ್ತರ ಕಳಿಸಿರುತ್ತೀರಿ. ಇನ್ವರ್ಟರ್, ಸೋಲಾರ್, ಸಿಸಿ ಕ್ಯಾಮೆರಾ, ಲ್ಯಾಪ್‌ಟಾಪ್, ಏನೋ ಒಂದು. "ಇದು ತಗೋ, ಸಾಕು."

ಕೇಳಿದವನು ನಮ್ಮ ಕಾಕಾನ ಮಗ. ಅಣ್ಣಿಗೇರಿ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಊರು. ಐಟಿಐ ಮಾಡಿದ್ದಾನೆ, ಹುಬ್ಬಳ್ಳಿಯಲ್ಲಿ ಮೂರು ವರ್ಷ ಬಡಗಿ ಕೆಲಸದ ವರ್ಕ್‌ಶಾಪಿನಲ್ಲಿ ದುಡಿದು, ಕೋವಿಡ್ ಕಾಲಕ್ಕೆ ಊರಿಗೆ ಬಂದು ಅಲ್ಲೇ ಉಳಿದವನು. ತೊಂಬತ್ತು ಸಾವಿರ ಖರ್ಚು ಮಾಡಿ, ಅದರಲ್ಲಿ ಅರ್ಧ ಆ ವರ್ಷದ ಹತ್ತಿಯ ರೊಕ್ಕ, ಉಳಿದರ್ಧ ಸಂಘದ ಸಾಲ, ಒಂದು ಸಿಎನ್‌ಸಿ ರೌಟರ್ ಕಟ್ಟಿಕೊಂಡ. ಗೊತ್ತಿಲ್ಲದವರಿಗೆ: ಮೇಜಿನಷ್ಟಗಲದ ಚೌಕಟ್ಟು, ಅದರ ಮೇಲೆ ಹಿಂದೆ-ಮುಂದೆ, ಅತ್ತ-ಇತ್ತ, ಮೇಲೆ-ಕೆಳಗೆ ಓಡಾಡುವ ಕೊರೆಯುವ ಯಂತ್ರ. ಕಂಪ್ಯೂಟರಿನಲ್ಲಿ ಬಿಡಿಸಿದ ಬಳ್ಳಿಯನ್ನು ಮರದಲ್ಲಿ ಕೆತ್ತುತ್ತದೆ. ಮೂರು ದಿಕ್ಕಿಗೆ ಮೂರು ಸ್ಟೆಪ್ಪರ್ ಮೋಟಾರು, ಒಂದೊಂದಕ್ಕೂ ಒಂದು ಡ್ರೈವ್, ಎಲ್ಲಕ್ಕೂ ಸೇರಿ ಒಂದು ಪವರ್ ಸಪ್ಲೈ. ಗದ್ದಲ ಜಾಸ್ತಿ ಅಂತ ಊರ ಹೊರಗೆ, ಹೊಲದ ಅಂಚಿನ ಶೆಡ್ಡಿನಲ್ಲಿ ಇಟ್ಟ.

ಮೊದಲ ದೊಡ್ಡ ಕೆಲಸ ಅಂತ ಬಂದದ್ದು ಒಂದು ತೊಟ್ಟಿಲು. ಕಲಘಟಗಿ ತೊಟ್ಟಿಲಿನ ಹೆಸರು ನೀವೂ ಕೇಳಿರುತ್ತೀರಿ. ಬಣ್ಣದ ಚಿತ್ತಾರದ ಆ ತೊಟ್ಟಿಲುಗಳು ನಮ್ಮ ಕಡೆ ಮೊಮ್ಮಕ್ಕಳ ಹೆಸರಿಡೋ ಹೊತ್ತಿಗೆ ತವರಿನಿಂದ ಬರಬೇಕಾದ ಮರ್ಯಾದೆ. ಅದನ್ನು ಕೊಳ್ಳುವಷ್ಟು ರೊಕ್ಕ ಇಲ್ಲದ ಪಕ್ಕದೂರಿನ ಒಬ್ಬರು, "ಅದರ ಹಂಗ ಕಾಣ್ಬೇಕು, ಸಾಗವಾನಿ ಇರ್ಬೇಕು" ಅಂತ ಇವನಿಗೆ ಹೇಳಿದ್ದರು. ಯಂತ್ರದಲ್ಲಿ ಕೆತ್ತಿದ್ದನ್ನು ಕಲಘಟಗಿಯದರ ಪಕ್ಕ ಇಡಬಹುದಾ ಅನ್ನೋದು ಬೇರೆ ಜಗಳ, ಅದನ್ನು ಇನ್ನೊಮ್ಮೆ ಆಡೋಣ. ಇಲ್ಲಿ ಮುಖ್ಯವಾದದ್ದು ನಾಮಕರಣದ ತಾರೀಖು ನಿಂತಿತ್ತು ಅನ್ನೋದು.

ಒಂದು ಸಂಜೆ ಫೋನು. "ಅಣ್ಣಾ, ಹಗಲೆಲ್ಲ ಬರೋಬ್ಬರಿ ಓಡ್ತೈತಿ. ಸಂಜಿಮುಂದ ನಡುವ ನಿಂತ ಬಿಡ್ತೈತಿ. ಮತ್ತ ತಾನ ಚಾಲೂ ಆಗ್ತೈತಿ, ಆದ್ರ ಎಲ್ಲಿ ನಿಂತಿತ್ತೋ ಅಲ್ಲಿಂದ ಅಲ್ಲ. ಎರಡು ಹಲಗಿ ಹಾಳಾದ್ವು."

"ವೋಲ್ಟೇಜ್ ಎಷ್ಟೈತಿ?"

"ನೂರೈವತ್ತಾರು ತೋರಸಾಕತ್ತೈತಿ."

ನಾನು ಮೀಟಿಂಗಿನಲ್ಲಿದ್ದೆ. ಮ್ಯೂಟ್ ಮಾಡಿಕೊಂಡು ಹೇಳಿದೆ. "ಸಪ್ಲೈ ಡಬ್ಬಿ ಬಾಜೂಕ ಒಂದು ಕೆಂಪ ಸ್ವಿಚ್ ಐತಿ ನೋಡು, 115–230 ಅಂತ. ಕರೆಂಟ್ ಆಫ್ ಮಾಡಿ ಅದನ್ನ 115ಕ್ಕ ಹಾಕು. ಕಡಿಮಿ ವೋಲ್ಟೇಜಿನಾಗೂ ಓಡ್ತೈತಿ."

ಓಡಿತು. ಹದಿನೈದು ನಿಮಿಷದಲ್ಲಿ "ಸೂಪರ್ ಅಣ್ಣಾ" ಅಂತ ಮೆಸೇಜ್ ಬಂತು. ಏಳೂವರೆಗೆ ಪಂಪ್‌ಸೆಟ್ಟಿನ ತ್ರೀ ಫೇಸ್ ಪಾಳಿ ಮುಗಿಯಿತು. ಸುತ್ತಲಿನ ಹೊಲದ ಪಂಪುಗಳೆಲ್ಲ ಒಂದೇ ಸಲಕ್ಕೆ ನಿಂತವು. ಲೈನಿನ ಮೇಲಿನ ಭಾರ ಇಳಿದು ವೋಲ್ಟೇಜ್ ಜಿಗಿಯಿತು. ಡಬ್ಬಿ ಒಳಗೆ ಪಟಾಕಿ ಹೊಡೆದ ಹಾಗೆ ಸಪ್ಪಳ, ಹೊಗೆ, ಶೆಡ್ಡಿನ ತುಂಬ ಸುಟ್ಟ ಪ್ಲಾಸ್ಟಿಕ್ ವಾಸನೆ. ಅವನು ಆ ಡಬ್ಬಿಯಿಂದ ಎರಡು ಮೊಳ ದೂರ ಕೂತಿದ್ದ. ಏನೂ ಆಗಲಿಲ್ಲ, ದೇವರು ದೊಡ್ಡವನು.

ಮರುದಿನ ಅವನೇ ಫೋನ್ ಮಾಡಿ, "ವೋಲ್ಟೇಜ್ ಹೆಚ್ಚಕಡಿಮಿ ಆಗಿ ಸುಟ್ಟೈತಿ ಅಣ್ಣಾ" ಅಂದ. ನಾನು ಅಂದದ್ದು: "ಹೌದೋ ತಮ್ಮಾ, ನಿಮ್ಮೂರ ಕರೆಂಟೇ ಹಂಗ."

ಆ ಒಂದು ಮಾತಿಗೆ ನನಗೆ ಇವತ್ತಿಗೂ ನಾಚಿಕೆ.

ಯಾಕೆ ಸುಟ್ಟಿತು ಅನ್ನೋದನ್ನು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಾನು ಕೊಟ್ಟ ಸಲಹೆಯನ್ನು ಇವತ್ತೂ ಯಾರೋ ಯಾರಿಗೋ ಕೊಡುತ್ತಿರುತ್ತಾರೆ. ಆ ಥರದ ಎಸ್‌ಎಂಪಿಎಸ್ ಒಳಗೆ 200 ವೋಲ್ಟಿನ ಎರಡು ಕಂಡೆನ್ಸರ್ ಸಾಲಾಗಿ ಕೂತಿರುತ್ತವೆ. ಸ್ವಿಚ್ಚು 230ರಲ್ಲಿದ್ದಾಗ ಗೋಡೆಯಿಂದ ಬಂದ ಎಸಿಯ ತುದಿ, ಅಂದರೆ ಸುಮಾರು 325 ವೋಲ್ಟು, ಎರಡಕ್ಕೂ ಸಮನಾಗಿ ಹಂಚಿಕೆಯಾಗುತ್ತದೆ. ತಲಾ 162. ಸ್ವಿಚ್ಚನ್ನು 115ಕ್ಕೆ ತಳ್ಳಿದರೆ ಅದೇ ಸರ್ಕ್ಯೂಟು ವೋಲ್ಟೇಜನ್ನು ಇಮ್ಮಡಿ ಮಾಡುವ ಯಂತ್ರವಾಗುತ್ತದೆ. ಒಂದೊಂದು ಕಂಡೆನ್ಸರಿಗೂ ಪೂರ್ತಿ ತುದಿ ಬೀಳುತ್ತದೆ. 156 ವೋಲ್ಟ್ ಇದ್ದಾಗಲೇ ತಲಾ 220 ಬಿದ್ದಿತ್ತು, ಅಂದರೆ "ಸೂಪರ್ ಅಣ್ಣಾ" ಅಂದ ಹೊತ್ತಿಗೇ ಮಿತಿ ದಾಟಿತ್ತು. ಪಂಪು ನಿಂತು 250ರ ಹತ್ತಿರ ಹೋದಾಗ ತಲಾ 350 ದಾಟಿತು. 200ರ ಕಂಡೆನ್ಸರ್ ಸಿಡಿಯದೆ ಏನು ಮಾಡೀತು?

ಆ ಸ್ವಿಚ್ಚು ಇರುವುದು ಅಮೆರಿಕದಂಥ 115 ವೋಲ್ಟಿನ ದೇಶಗಳಿಗಾಗಿ. ನಮ್ಮೂರಿನ ಸಂಜೆಗಾಗಿ ಅಲ್ಲ. ನಾನು ಎಂಜಿನಿಯರಿಂಗ್ ಓದಿದವನು, ಎರಡನೇ ಸೆಮಿಸ್ಟರಿನಲ್ಲಿ ವೋಲ್ಟೇಜ್ ಡಬ್ಲರ್ ಸರ್ಕ್ಯೂಟನ್ನು ಬಿಡಿಸಿ ಹತ್ತಕ್ಕೆ ಹತ್ತು ಮಾರ್ಕು ತಗೊಂಡವನು. ಅದೇ ಸರ್ಕ್ಯೂಟು ಡಬ್ಬಿಯೊಳಗೆ ಕೂತಾಗ ಗುರುತು ಸಿಗಲಿಲ್ಲ.

ನನ್ನ ತಕರಾರು ಇಷ್ಟು: ಹಳ್ಳಿಗೆ ಕಳಿಸುವ ನಮ್ಮ ಎಲ್ಲ ಸಲಹೆಗಳೂ ಗೋಡೆಯ ಪ್ಲಗ್ಗಿನಿಂದ ಈಚೆಗೆ ಶುರುವಾಗುತ್ತವೆ. ಪ್ಲಗ್ಗಿನಲ್ಲಿ 230 ಇದೆ ಅನ್ನೋದನ್ನು ನಾವು ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅನ್ನೋ ಹಾಗೆ ನಂಬಿಕೊಂಡಿದ್ದೇವೆ. ಸಿಎನ್‌ಸಿಗೆ ಪವರ್ ಸಪ್ಲೈ ಆರಿಸೋದು ಅಂದರೆ ನಮಗೆ ಎರಡು ಅಂಕಿ: ಎಷ್ಟು ವೋಲ್ಟ್, ಎಷ್ಟು ಆಂಪ್. ಅಣ್ಣಿಗೇರಿ, ನವಲಗುಂದದ ಹೊಲದ ಶೆಡ್ಡಿನಲ್ಲಿ ಪವರ್ ಸಪ್ಲೈ ಶುರುವಾಗೋದು ಡಬ್ಬಿಯಿಂದಲ್ಲ, ಟಿ.ಸಿ.ಯಿಂದ. ಅಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿನಿಂದ. ಅದರಿಂದ ನಿಮ್ಮ ಶೆಡ್ಡು ಎಷ್ಟು ದೂರ, ನಡುವೆ ಎಷ್ಟು ಪಂಪು, ಕಾರದ ಗಿರಣಿ ಯಾವ ಹೊತ್ತಿಗೆ ಚಾಲೂ ಆಗುತ್ತದೆ, ಇವೆಲ್ಲ ನಿಮ್ಮ ಡೇಟಾಶೀಟಿನ ಮೊದಲ ಪುಟ.

ಇದರಲ್ಲಿ ಲೈನ್‌ಮನ್ನನ್ನು ಬೈಯುವಂಥದ್ದೇನೂ ಇಲ್ಲ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಕರೆಂಟು ಪುಕ್ಕಟೆ, ತ್ರೀ ಫೇಸ್ ದಿನಕ್ಕೆ ಏಳು ತಾಸಿನ ಲೆಕ್ಕದಲ್ಲಿ ಪಾಳಿಯ ಮೇಲೆ. ಎಲ್ಲ ಪಂಪಿಗೂ ಆಟೋ ಸ್ಟಾರ್ಟರ್. ಕರೆಂಟು ಬಂದ ಕ್ಷಣ ಎಲ್ಲವೂ ಒಟ್ಟಿಗೆ ಎದ್ದು ನಿಲ್ಲುತ್ತವೆ, ಹೋದ ಕ್ಷಣ ಒಟ್ಟಿಗೆ ಮಲಗುತ್ತವೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳ ಲೈನನ್ನು ಪಂಪಿನ ಲೈನಿನಿಂದ ಬೇರೆ ಮಾಡಿದರು, ಊರೊಳಗೆ ಪರಿಸ್ಥಿತಿ ಎಷ್ಟೋ ಸುಧಾರಿಸಿತು. ಆದರೆ ನಮ್ಮ ತಮ್ಮನಂಥವರ ಹೊಲದ ಶೆಡ್ಡು ಪಂಪಿನ ಲೈನಿನ ಮೇಲೇ ಉಳಿಯಿತು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 54ನೆಯದು, ಮನೆಗೆ ಕೊಡುವ ವೋಲ್ಟೇಜ್ ಹೇಳಿದ್ದಕ್ಕಿಂತ ನೂರಕ್ಕೆ ಆರಕ್ಕಿಂತ ಹೆಚ್ಚು ಏರಬಾರದು, ಇಳಿಯಬಾರದು ಅಂತಿತ್ತು. 230ಕ್ಕೆ ಲೆಕ್ಕ ಹಾಕಿದರೆ 216ರಿಂದ 244. ಈ ಅಂಕಿಯನ್ನು ಆ ಶೆಡ್ಡಿನಲ್ಲಿ ಓದಿ ಹೇಳಿದೆ. ತಮ್ಮ ನಕ್ಕ.

ನಾನು ಊರಿಗೆ ಹೋದದ್ದು ಅದಾದ ಮೇಲೆ, ಎರಡು ತಿಂಗಳು ಬಿಟ್ಟು. ಅಷ್ಟರಲ್ಲಿ ನಾಮಕರಣ ಮುಗಿದಿತ್ತು. ಆ ಕೂಸು ಬೇರೆಯವರಿಂದ ಕಡ ತಂದ ತೊಟ್ಟಿಲಲ್ಲಿ ಮಲಗಿ ಹೆಸರಿಡಿಸಿಕೊಂಡಿತು. ಕಾಕಾ "ಆ ಡಬ್ಬಾ ಮಾರಿ ಎರಡು ಎಮ್ಮಿ ತೊಗೊಳ್ಳೋಣು" ಅನ್ನುತ್ತಿದ್ದರು. ತಮ್ಮ ಮಾತ್ರ ಒಂದು ಕೆಲಸ ಮಾಡಿದ್ದ. ಸಾದಾ ಮಲ್ಟಿಮೀಟರ್ ಇಟ್ಟುಕೊಂಡು, ಹತ್ತಿಯ ಲೆಕ್ಕ ಬರೆಯುವ ಉದ್ದನೆಯ ಪಟ್ಟಿಯಲ್ಲಿ, ಹತ್ತು ದಿನ ದಿನಕ್ಕೆ ಆರು ಸಲ ವೋಲ್ಟೇಜ್ ಬರೆದಿಟ್ಟಿದ್ದ. ಬೆಳಿಗ್ಗೆ ಆರಕ್ಕೆ 238. ಗಿರಣಿ ಹೊತ್ತಿಗೆ 205. ಪಂಪು ಓಡುವಾಗ 178. ಸಂಜೆ ಏಳರ ಸುಮಾರಿಗೆ, ದೀಪ ಟಿವಿ ಪಂಪು ಎಲ್ಲ ಕೂಡಿದಾಗ, 156. ರಾತ್ರಿ ಹನ್ನೊಂದಕ್ಕೆ 251. ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಕೊಟ್ಟ ಲಿಂಕಿಗಿಂತ ಆ ಒಂದು ಹಾಳೆ ದೊಡ್ಡ ಎಂಜಿನಿಯರಿಂಗ್ ಆಗಿತ್ತು.

ಇನ್ನು ಆ ಎರಡು ಅಂಕಿಗಳ ಕಡೆ ಬರೋಣ, ಅಲ್ಲೂ ನಾವು ಹೇಳೋದು ಅರ್ಧ ಸುಳ್ಳೇ.

ಮೋಟಾರಿನ ಚೀಟಿ ನೋಡಿದರೆ ಅದು ಬರೀ 3.2 ವೋಲ್ಟಿನದು ಅಂತಿರುತ್ತದೆ. ತಮ್ಮನ ನೆಮಾ 23 ಮೋಟಾರು 2.8 ಆಂಪು, ಸುರುಳಿಯ ರೋಧ ಸುಮಾರು 1.13 ಓಮು, ಗುಣಿಸಿದರೆ ಅಷ್ಟೇ ಬರುತ್ತದೆ. ಹಾಗಾದರೆ 24 ಯಾಕೆ, 36 ಯಾಕೆ? ಈ ಪ್ರಶ್ನೆಯನ್ನು ಅವನು ನನಗೆ ಕೇಳಿದ್ದ, ನಾನು "ಹಂಗ ಇರ್ತೈತಿ" ಅಂದಿದ್ದೆ. ಉತ್ತರ ಇದು: ಡ್ರೈವು ಕರೆಂಟನ್ನು ಕತ್ತರಿಸಿ ಕತ್ತರಿಸಿ 2.8 ಆಂಪಿನಲ್ಲೇ ಹಿಡಿದಿಡುತ್ತದೆ, ವೋಲ್ಟೇಜ್ ಜಾಸ್ತಿ ಕೊಟ್ಟರೆ ಮೋಟಾರು ಸುಡುವುದಿಲ್ಲ. ಆದರೆ ಸುರುಳಿಗೆ ಇಂಡಕ್ಟೆನ್ಸ್ ಅಂತ ಒಂದು ಹಠ ಇದೆ, ಕರೆಂಟು ತಟ್ಟನೆ ಏರಲು ಬಿಡುವುದಿಲ್ಲ. ಎತ್ತಿನ ಗಾಡಿ ನಿಂತಲ್ಲಿಂದ ಏಳುವಾಗ ಬೇಕಾಗುವ ಜಗ್ಗುವಿಕೆಯ ಹಾಗೆ, ವೋಲ್ಟೇಜ್ ಹೆಚ್ಚಿದ್ದಷ್ಟೂ ಕರೆಂಟು ಬೇಗ ಏರುತ್ತದೆ. ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ವೇಗ ಹೆಚ್ಚಾದಂತೆ ಒಂದೊಂದು ಹೆಜ್ಜೆಗೆ ಸಿಗುವ ಸಮಯ ಕಡಿಮೆ. ಕರೆಂಟು ಪೂರ್ತಿ ಏರುವ ಮೊದಲೇ ಮುಂದಿನ ಹೆಜ್ಜೆ ಬಂದುಬಿಡುತ್ತದೆ. ಅಲ್ಲಿಂದ ಬಲ ಕುಸಿಯುತ್ತದೆ. 3.6 ಮಿಲಿಹೆನ್ರಿಯ ಈ ಮೋಟಾರಿಗೆ, ಒಂದು ಸುತ್ತಿಗೆ 5 ಮಿ.ಮೀ. ಸರಿಯುವ ಸ್ಕ್ರೂ ಇದ್ದರೆ, 24 ವೋಲ್ಟಿನಲ್ಲಿ ಆ ಕುಸಿತ ನಿಮಿಷಕ್ಕೆ ಸುಮಾರು 1,800 ಮಿ.ಮೀ. ವೇಗಕ್ಕೇ ಶುರು. 36ರಲ್ಲಿ 2,700ರ ಹತ್ತಿರ. 48ರಲ್ಲಿ 3,500 ದಾಟುತ್ತದೆ. ಮೋಟಾರು ಅದೇ, ಡ್ರೈವು ಅದೇ, ವೇಗ ಮಾತ್ರ ಇಮ್ಮಡಿ. ನನ್ನ "24 ಸಾಕು" ಅವನ ಯಂತ್ರದ ಅರ್ಧ ಶಕ್ತಿಯನ್ನು ಮೊದಲ ದಿನವೇ ತಿಂದಿತ್ತು.

ಹಾಗಂತ 48ಕ್ಕೆ ಹಾರುವುದೂ ಬೇಡ. ಗೆಕೋಡ್ರೈವ್ ಅನ್ನೋ ಅಮೆರಿಕದ ಕಂಪನಿಯವರು ಜನಪ್ರಿಯ ಮಾಡಿದ ಒಂದು ಸೂತ್ರ ಇದೆ: ಮಿಲಿಹೆನ್ರಿಯ ವರ್ಗಮೂಲಕ್ಕೆ 32ರಿಂದ ಗುಣಿಸು. ನಮ್ಮ ಮೋಟಾರಿಗೆ 61 ಬರುತ್ತದೆ. ಅದು ಮೋಟಾರಿನ ಮಿತಿ. ಡ್ರೈವಿನ ಮಿತಿ ಅದಕ್ಕಿಂತ ಕೆಳಗಿದೆ. ಡಿಎಂ542 ಮಾದರಿಯದಕ್ಕೆ 50, ಟಿಬಿ6600 ಡಬ್ಬಿಗೆ 42. ಓಡುತ್ತಿರುವ ಭಾರದ ಗ್ಯಾಂಟ್ರಿ ತಟ್ಟನೆ ನಿಂತಾಗ ಮೋಟಾರು ಒಂದು ಗಳಿಗೆ ಡೈನಮೋ ಆಗಿ, ಆ ಶಕ್ತಿಯನ್ನು ಸಪ್ಲೈ ಕಡೆಗೆ ವಾಪಸ್ ತಳ್ಳುತ್ತದೆ. 48 ಕೊಟ್ಟು 50ರ ಡ್ರೈವು ಹಚ್ಚಿದರೆ ಆ ತಳ್ಳುವಿಕೆಗೆ ಉಳಿದ ಜಾಗ ಎರಡೇ ವೋಲ್ಟು. 36ರ ಸುತ್ತಮುತ್ತ ನಿಂತರೆ ನಿದ್ದೆ ಚೆನ್ನಾಗಿ ಬರುತ್ತದೆ.

ಆಂಪಿನ ಲೆಕ್ಕ ಇನ್ನೂ ತಮಾಷೆ. ಮೂರು ಮೋಟಾರು, ತಲಾ 2.8, ಒಟ್ಟು 8.4, ಹಾಗಾಗಿ 10 ಬೇಕು, ಇರಲಿ 15 ತಗೋ, ಅಂತ ನಾವು ಹೇಳುವುದು. ಕತ್ತರಿಸುವ ಡ್ರೈವು ಮೋಟಾರಿಗೆ ಕೊಡುವುದಕ್ಕಿಂತ ಕಡಿಮೆ ಕರೆಂಟನ್ನು ಸಪ್ಲೈಯಿಂದ ಎಳೆಯುತ್ತದೆ. ಒಟ್ಟಿನ ಮೂರರಲ್ಲಿ ಎರಡು ಪಾಲು ಹಿಡಿದರೆ ಧಾರಾಳ, ಸುಮಾರು 5.6 ಆಂಪು. 36 ವೋಲ್ಟಿಗೆ 200 ವ್ಯಾಟು. 15, 20 ಅಂತ ಚೀಟಿ ಅಂಟಿಸಿದ ಅಗ್ಗದ ಡಬ್ಬಿಗಳು ಅಷ್ಟನ್ನು ನಿಜವಾಗಿ ಕೊಡುತ್ತವೆಯಾ ಅನ್ನೋದು ಬೇರೆ ಮಾತು. ಸಣ್ಣ ಹೀಟ್‌ಸಿಂಕು, ಪಿನ್ನಿನಷ್ಟು ಸಣ್ಣ ಟರ್ಮಿನಲ್ಲು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಸುಟ್ಟ ಡಬ್ಬಿಯನ್ನು ತಮ್ಮ ಒಯ್ದದ್ದು ಅಣ್ಣಿಗೇರಿಯ ಒಂದು ವೈಂಡಿಂಗ್ ಅಂಗಡಿಗೆ. ಪಂಪಿನ ಮೋಟಾರು ಸುಟ್ಟರೆ ಸುತ್ತುವ, ನೆಲದ ಮೇಲೆ ತಾಮ್ರದ ತಂತಿಯ ಚೂರು, ಗೋಡೆಗೆ ವಾರ್ನಿಷ್ ವಾಸನೆ ಇರುವ, ನೀವು ನೂರು ಸಲ ನೋಡಿ ಒಂದು ಸಲವೂ ಒಳಗೆ ಹೋಗದ ಅಂಗಡಿ. ಅಲ್ಲಿನ ಹಿರಿಯರಿಗೆ ಎಲ್ಲರೂ ಮಾಸ್ತರ್ ಅನ್ನುತ್ತಾರೆ. ನಾನೂ ಜೊತೆಗೆ ಹೋಗಿದ್ದೆ. ಅವರು ನನ್ನ ಪರಿಚಯ ಕೇಳಿ, "ಬೆಂಗಳೂರಾಗ ಕಂಪ್ಯೂಟರ್ ಏನ್ರಿ?" ಅಂತ ಅಂದು, ಮತ್ತೆ ನನ್ನ ಕಡೆ ನೋಡಲಿಲ್ಲ. ತಮ್ಮನ ಪಟ್ಟಿ ತೆಗೆದುಕೊಂಡು ಬೆರಳಿಟ್ಟು ಓದಿದರು.

"ಇದರಾಗ ಎಲ್ಲಕ್ಕಿಂತ ಕಡಿಮಿ 156, ಎಲ್ಲಕ್ಕಿಂತ ಹೆಚ್ಚ 251. ನಿನ್ನ ಡ್ರೈವ್ ಎಷ್ಟರಿಂದ ಎಷ್ಟರ ಮಟಾ ತಡಕೊಂತೈತಿ?"

"ಇಪ್ಪತ್ತರಿಂದ ಐವತ್ತು ಮಾಸ್ತರ್."

"ಮತ್ತೇನ್ ಆತೋ? ಟ್ರಾನ್ಸ್‌ಫಾರ್ಮರ್ ಸುತ್ತೋಣು."

ಗಣಿತ ನೋಡಿ, ಹಿಡಿಸುತ್ತದೆ. 230ಕ್ಕೆ 26 ವೋಲ್ಟ್ ಎಸಿ ಕೊಡುವ, 300 ವಿಎ ಟ್ರಾನ್ಸ್‌ಫಾರ್ಮರ್. ಬ್ರಿಜ್ ರೆಕ್ಟಿಫೈಯರ್ ಮತ್ತು ದೊಡ್ಡ ಕಂಡೆನ್ಸರ್ ದಾಟಿದ ಮೇಲೆ 26ನ್ನು 1.414ರಿಂದ ಗುಣಿಸಿ, ಡಯೋಡು ತಿನ್ನುವ 1.4 ಕಳೆದರೆ 35 ವೋಲ್ಟ್ ಡಿಸಿ. ರಾತ್ರಿಯ 251ಕ್ಕೆ ಅದು 38.7 ಆಗುತ್ತದೆ, ಖಾಲಿ ಓಡುವಾಗ ಇನ್ನೊಂದೆರಡು ಮೂರು ಹೆಚ್ಚು, ಆದರೂ 50ಕ್ಕೆ ದೂರ. ಸಂಜೆಯ 156ಕ್ಕೆ 23.5ಕ್ಕೆ ಇಳಿಯುತ್ತದೆ. ಅಂದರೆ ಇಡೀ ದಿನದ ಅತಿ ಕೆಟ್ಟ ಗಳಿಗೆಯಲ್ಲಿ ಹೆಚ್ಚುಕಡಿಮೆ ನಾನು ಹೇಳಿದ 24ರಷ್ಟು. ಉಳಿದ ಹೊತ್ತೆಲ್ಲ ಅದಕ್ಕಿಂತ ಮೇಲೆ. ಮತ್ತು ಮುಖ್ಯ: ಅದು ಆರಿಹೋಗುವುದಿಲ್ಲ. ಎಸ್‌ಎಂಪಿಎಸ್ಸಿಗೆ ಇಷ್ಟಕ್ಕಿಂತ ಕೆಳಗೆ ಬಂದರೆ ಬಾಗಿಲು ಹಾಕಿಕೊಳ್ಳುವ ಸ್ವಭಾವ. ಟ್ರಾನ್ಸ್‌ಫಾರ್ಮರ್ ಬಡವಾಗುತ್ತದೆ, ಬಾಗಿಲು ಹಾಕುವುದಿಲ್ಲ. ಸ್ಟೆಪ್ಪರ್ ಯಂತ್ರಕ್ಕೆ ತಾನೆಲ್ಲಿದ್ದೇನೆ ಅಂತ ನೋಡುವ ಕಣ್ಣಿಲ್ಲ, ಹೆಜ್ಜೆ ಎಣಿಸುವುದೊಂದೇ. ನಡುವೆ ಅರ್ಧ ಸೆಕೆಂಡು ಆರಿದರೆ ಎಣಿಕೆ ತಪ್ಪಿತು, ಹಲಗೆ ಹೋಯಿತು.

ವೇಗವನ್ನು ಆ 23.5ಕ್ಕೆ ಕಟ್ಟಿದರು, 35ಕ್ಕಲ್ಲ. ಸಾಫ್ಟ್‌ವೇರಿನಲ್ಲಿ ಗರಿಷ್ಠ 1,500. ಇದು ಮಾಸ್ತರರ ಮಾತಲ್ಲ, ತಮ್ಮನದು. "ಬೆಳಿಗ್ಗಿ ಓಡಿದ್ದ ಸಂಜಿನೂ ಓಡ್ಬೇಕಲ್ಲಣ್ಣಾ." ನಾವು ಆಫೀಸಿನಲ್ಲಿ ಸರ್ವರುಗಳನ್ನು ಪೀಕ್ ಲೋಡಿಗೆ ಕಟ್ಟಬೇಕು ಅಂತ ಎರಡು ಗಂಟೆ ಸ್ಲೈಡು ತೋರಿಸುತ್ತೇವಲ್ಲ, ಅದೇ.

ಕಂಡೆನ್ಸರಿನ ಲೆಕ್ಕಕ್ಕೂ ಅದೇ ಗೆಕೋಡ್ರೈವಿನವರ ಸೂತ್ರ: 80,000ವನ್ನು ಆಂಪಿನಿಂದ ಗುಣಿಸಿ ವೋಲ್ಟಿನಿಂದ ಭಾಗಿಸು. 12,800 ಮೈಕ್ರೊಫ್ಯಾರಡ್ ಬಂತು, 15,000ದ್ದು ಹಾಕಿದರು, 63 ವೋಲ್ಟಿನದು. ಗ್ಯಾಂಟ್ರಿ ನಿಂತಾಗ ವಾಪಸ್ ಬರುವ ಶಕ್ತಿಯನ್ನು ಈ ಹೊಟ್ಟೆ ನುಂಗಿಕೊಳ್ಳುತ್ತದೆ. ಅದಕ್ಕೆ ಅಡ್ಡಲಾಗಿ 2.2 ಕಿಲೋಓಮಿನ, 5 ವ್ಯಾಟಿನ ಒಂದು ರೆಸಿಸ್ಟರ್. ಇದನ್ನು ಬಿಡಬೇಡಿ. ಪ್ಲಗ್ ಕಿತ್ತ ಮೇಲೂ ಆ ಕಂಡೆನ್ಸರ್ ತುಂಬಿಯೇ ಇರುತ್ತದೆ, ಸ್ಕ್ರೂಡ್ರೈವರ್ ತಾಗಿದರೆ ಬೆಸುಗೆ ಹಾಕಿದ ಹಾಗೆ ಕಿಡಿ. ಈ ರೆಸಿಸ್ಟರ್ ಸುಮಾರು ಮೂರು ನಿಮಿಷದಲ್ಲಿ ಅದನ್ನು ಖಾಲಿ ಮಾಡುತ್ತದೆ. ಮತ್ತೊಂದು: ಯಂತ್ರ ಚಾಲೂ ಇದ್ದಾಗ ಮೋಟಾರಿನ ವೈರು ಕೀಳಬೇಡಿ. ಡ್ರೈವು ಸಾಯಿಸೋದಕ್ಕೆ ಅದಕ್ಕಿಂತ ಸುಲಭದ ದಾರಿ ಇಲ್ಲ.

ಈಗ ನೀವು ಹೇಳುತ್ತೀರಿ, ಗೊತ್ತು. "ಟ್ರಾನ್ಸ್‌ಫಾರ್ಮರ್ರಾ? ಯಾವ ಕಾಲದಲ್ಲಿದ್ದೀಯಪ್ಪ? ನಾಲ್ಕೈದು ಕೆಜಿ ಭಾರ. ವೋಲ್ಟೇಜ್ ಏರಿದಂತೆ ಏರುತ್ತೆ, ಇಳಿದಂತೆ ಇಳಿಯುತ್ತೆ." ನಿಜ. ಟಿಬಿ6600 ಹಚ್ಚಿದವರು ಈ 26ರ ಟ್ರಾನ್ಸ್‌ಫಾರ್ಮರ್ ಸುತ್ತಿಸಿದರೆ ಒಂದು ರಾತ್ರಿ 42ರ ಗಡಿ ದಾಟುವುದು ಖಂಡಿತ. ಅವರು 22ಕ್ಕೆ ಇಳಿಯಬೇಕು. ಮತ್ತು ಇದಕ್ಕಿಂತ ಒಳ್ಳೆಯ ಎಸ್‌ಎಂಪಿಎಸ್ ಇಲ್ಲ ಅಂತಲೂ ನಾನು ಹೇಳುತ್ತಿಲ್ಲ. ಪಿಎಫ್‌ಸಿ ಇರುವ, ಕೆಂಪು ಸ್ವಿಚ್ಚೇ ಇಲ್ಲದ ಡಬ್ಬಿಗಳಿವೆ. ಮೀನ್‌ವೆಲ್‌ನ ಆರ್‌ಎಸ್‌ಪಿ-320 ಥರದವು 88ರಿಂದ 264ರವರೆಗೆ ಏನು ಕೊಟ್ಟರೂ 36ನ್ನೇ ಕೊಡುತ್ತವೆ. ಅದೇ ಕಂಪನಿಯ ಅಗ್ಗದ ಎಲ್‌ಆರ್‌ಎಸ್-350ಕ್ಕೆ ಸ್ವಿಚ್ಚಿದೆ, 230ರ ಕಡೆ ಇಟ್ಟರೆ ಕೆಳಗಿನ ಮಿತಿ 180. ನೋಡಲು ಎರಡೂ ಒಂದೇ ಥರದ ಜಾಲರಿ ಡಬ್ಬಿ. ಚೀಟಿಯ ಮೇಲೆ ಔಟ್‌ಪುಟ್ ಸಾಲನ್ನು ಓದುವ ನಾವು ಇನ್‌ಪುಟ್ ಸಾಲನ್ನು ಓದುವುದೇ ಇಲ್ಲ. ಕುಂದಗೋಳ ಪೇಟೆಯೊಳಗೆ, ಟಿ.ಸಿ. ಪಕ್ಕದ ಮನೆಯಲ್ಲಿ ಯಂತ್ರ ಇಡುವವರಿಗೆ ನಾನೂ ಅಂಥ ಎಸ್‌ಎಂಪಿಎಸ್ಸೇ ಹೇಳುತ್ತೇನೆ, ಮುಂದೆ ಒಂದು ಡಯೋಡು ಮತ್ತು ದೊಡ್ಡ ಕಂಡೆನ್ಸರ್ ಹಾಕಿಕೊಂಡು.

ಆದರೆ ಹೊಲದ ಶೆಡ್ಡಿಗೆ ನನ್ನ ಓಟು ಮಾಸ್ತರರ ಟ್ರಾನ್ಸ್‌ಫಾರ್ಮರಿಗೆ. ಕಾರಣ ವೋಲ್ಟೇಜಲ್ಲ. ಪಿಎಫ್‌ಸಿ ಡಬ್ಬಿ ಸುಟ್ಟರೆ ಅದು ಕಸ. ಬೇರೆಯದು ಆರ್ಡರ್ ಮಾಡಬೇಕು, ಕೊರಿಯರಿನವನು ಊರವರೆಗೆ ಬರುವುದಿಲ್ಲ, ನವಲಗುಂದಕ್ಕೋ ಅಣ್ಣಿಗೇರಿಗೋ ಹೋಗಿ ತರಬೇಕು, ಒಂದು ವಾರ ಕೆಲಸ ನಿಂತಿತು. ಟ್ರಾನ್ಸ್‌ಫಾರ್ಮರಿನ ಹಾದಿಯಲ್ಲಿ ಕೆಡಬಹುದಾದದ್ದು ನಾಲ್ಕೇ ಸಾಮಾನು: ಫ್ಯೂಜು, ಬ್ರಿಜ್ಜು, ಕಂಡೆನ್ಸರು, ಸುರುಳಿ. ಮೊದಲ ಮೂರು ಹುಬ್ಬಳ್ಳಿಯಲ್ಲಿ ಸಂಜೆಯೊಳಗೆ ಸಿಗುತ್ತವೆ, ನಾಲ್ಕನೆಯದನ್ನು ಮಾಸ್ತರ್ ಮತ್ತೆ ಸುತ್ತುತ್ತಾರೆ. ತಮ್ಮ ಅದನ್ನು ತಾನೇ ಬಿಚ್ಚಿ ನೋಡಬಲ್ಲ. ನನಗೆ ಫೋನ್ ಮಾಡಬೇಕಾಗಿಲ್ಲ. ಈ ಕೊನೆಯ ಗುಣ ಯಾವ ಡೇಟಾಶೀಟಿನಲ್ಲೂ ಇರುವುದಿಲ್ಲ.

ಸ್ಟೆಬಿಲೈಜರ್ ಹಾಕಬಹುದಲ್ಲ? ಫ್ರಿಜ್ಜಿನ ಟಿಕ್ ಟಿಕ್ ರಿಲೇ ಮಾದರಿಯದಾದರೆ ಪ್ರತಿ ಟಿಕ್‌ಗೂ ಒಂದು ಸಣ್ಣ ಕಡಿತ. ಸರ್ವೋ ಮಾದರಿ ಒಳ್ಳೆಯದು, ರೊಕ್ಕ ಇದ್ದವರು ಹಾಕಲಿ. ಇನ್ವರ್ಟರ್? ಇಲ್ಲೊಂದು ಬಲೆ ಇದೆ. ಮನೆಯ ಹಳೇ ಇನ್ವರ್ಟರಿನ ಚೌಕ ಅಲೆಗೆ ಗೋಡೆಯ ಕರೆಂಟಿನ ಹಾಗೆ 325ರ ತುದಿ ಇರುವುದಿಲ್ಲ. ಶುದ್ಧ ಚೌಕವಾದರೆ ತುದಿಯೂ 230ರ ಆಸುಪಾಸೇ. ಕಂಡೆನ್ಸರ್ ತುಂಬೋದು ತುದಿಯಿಂದ. ಹಾಗಾಗಿ ಮೀಟರು 230 ತೋರಿಸಿದರೂ ನಮ್ಮ 35 ವೋಲ್ಟ್ 25 ಆಗುತ್ತದೆ, ಎಸ್‌ಎಂಪಿಎಸ್ಸಿಗೆ ಅದು 160ರ ಕರೆಂಟಿನಂತೆಯೇ ಕಾಣುತ್ತದೆ. ಸೈನ್ ವೇವ್ ಇನ್ವರ್ಟರ್ ಬೇರೆ ಮಾತು.

ಎಲ್ಲಕ್ಕೂ ಮುಂಚೆ ಬೇಕಾದ್ದು ಹೆಚ್ಚು ವೋಲ್ಟೇಜಿಗೆ ಕಡಿದುಹಾಕುವ ಒಂದು ಕಟ್‌ಆಫ್. ಗಾಳಿಮಳೆಗೆ ನ್ಯೂಟ್ರಲ್ ತಂತಿ ಹರಿದರೆ ಸಿಂಗಲ್ ಫೇಸಿನ ಮನೆಗೆ 400ರ ಹತ್ತಿರ ಬಂದುಬಿಡಬಹುದು. ಗಿಡಮರ ಜಾಸ್ತಿ ಇರುವ ಕಲಘಟಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗ ಯಾವ ಪವರ್ ಸಪ್ಲೈಯೂ ಉಳಿಯುವುದಿಲ್ಲ, ಟ್ರಾನ್ಸ್‌ಫಾರ್ಮರೂ.

ಅರ್ತಿಂಗ್ ಬಗ್ಗೆ ಒಂದೇ ಮಾತು. ನಮ್ಮದು ಎರಿ ಹೊಲ. ಮಳೆಗಾಲದಲ್ಲಿ ಒದ್ದೆ ಎರಿ ಮಣ್ಣಿನಷ್ಟು ಒಳ್ಳೆಯ ಅರ್ತ್ ಇಲ್ಲ. ಏಪ್ರಿಲ್ಲಿನಲ್ಲಿ ಅದೇ ಮಣ್ಣು ಬಿರುಕು ಬಿಟ್ಟು, ಕೈ ಇಳಿಯುವಷ್ಟು ಅಗಲವಾಗಿ, ಪೈಪಿನಿಂದ ಸರಿದು ನಿಲ್ಲುತ್ತದೆ. ತಮ್ಮನ ಯಂತ್ರದ ಲಿಮಿಟ್ ಸ್ವಿಚ್ಚು ಯಾರೂ ಮುಟ್ಟದೆ ತಾನೇ ಒತ್ತಿದ ಹಾಗೆ ಆಗುತ್ತಿತ್ತು, ಬೇಸಿಗೆಯಲ್ಲಿ ಮಾತ್ರ. ಈಗ ಅವನ ಅವ್ವ ದಿನಾ ಸಂಜೆ ತುಳಸಿಗೆ ನೀರು ಹಾಕಿದ ಮೇಲೆ ಅರ್ತಿಂಗ್ ಗುಂಡಿಗೂ ಒಂದು ಕೊಡ ಹಾಕುತ್ತಾಳೆ.

ಇಷ್ಟಾದ ಮೇಲೆ, ಊರಿಂದ ವಾಪಸ್ ಹೊರಡೋ ದಿನ ಬಸ್ ಸ್ಟ್ಯಾಂಡಿನಲ್ಲಿ, ನಾನು ಹೇಳಿಬಿಟ್ಟೆ. "ಆ ಕೆಂಪ ಸ್ವಿಚ್ಚಿಂದ ಸುಟ್ಟದ್ದೋ ತಮ್ಮಾ. ನಿಮ್ಮೂರ ಕರೆಂಟಿಂದ ಅಲ್ಲ. ನಾ ಹೇಳಿದ್ದ ತಪ್ಪು."

"ಗೊತ್ತೈತಿ ಅಣ್ಣಾ. ಮಾಸ್ತರ್ ಡಬ್ಬಿ ಬಿಚ್ಚಿದ ದಿನಾನ ಹೇಳಿದ್ರು."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

ಅದಕ್ಕೆ ಅವನು ಉತ್ತರ ಕೊಡಲಿಲ್ಲ. ಬಸ್ಸಿನ ಬೋರ್ಡು ನೋಡುತ್ತಾ ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲೆ, "ನಾಕನೇ ಮೋಟಾರ್ ಹಚ್ಚಬೇಕಂತ ಮಾಡೀನಿ, ಕಂಬಕ್ಕ ಹೂವು ಕೆತ್ತಾಕ ತಿರುಗಸೂದು" ಅಂದ. "300 ವಿಎದ್ದು ತಡೀತೈತೇನು?"

ನಾನು ಫೋನು ತೆಗೆಯಲಿಲ್ಲ. ಟಿಕೆಟಿನ ಹಿಂದೆ ಇಬ್ಬರೂ ಕೂಡಿ ಲೆಕ್ಕ ಹಾಕಿದೆವು. ನಾಲ್ಕು ಮೋಟಾರಿಗೆ ಏಳೂವರೆ ಆಂಪು, ಟ್ರಾನ್ಸ್‌ಫಾರ್ಮರ್ 330 ವಿಎ ದಾಟುತ್ತದೆ. ತಡೆಯುವುದಿಲ್ಲ. ಆದರೆ ನಾಲ್ಕೂ ಒಟ್ಟಿಗೆ ಪೂರ್ತಿ ಎಳೆಯುವ ಕೆಲಸ ಯಾವುದು ಅಂತ ಅವನು ಕೇಳಿದ, ಅದು ನನಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ಹುಬ್ಬಳ್ಳಿ ಬಸ್ಸು ಬಂತು.